ಹೀರೇಕಾಯಿಯ ನಾಲ್ಕು ಫೋಟೋ

ಟ್ರಂಕಿನ ತಳದಲ್ಲಿ ಸಿಕ್ಕಿದ ಕಂದು ಲಕೋಟೆಯೊಂದನ್ನು ನನ್ನ ಹೆಂಡತಿ ಸುಶೀಲ ಎರಡೇ ಬೆರಳಿನಲ್ಲಿ ಹಿಡಿದುಕೊಂಡು ಬಂದು, "ನಿಮ್ಮ ಕಡೆಯೋರ ಫೋಟೋ ಸಿಕ್ಕಾವೆ ನೋಡ್ರಿ. ಇಡಲೋ, ಎಸೆಯಲೋ?" ಎಂದಳು. ಒಳಗಿದ್ದದ್ದು ನಾಲ್ಕು ಕಪ್ಪು ಬಿಳುಪು ಫೋಟೋಗಳು. ನಾಲ್ಕರಲ್ಲೂ ಹೀರೇಕಾಯಿ. ನನ್ನ ಕಡೆಯವರೆಂದರೆ ಇವರೇ ಎಂದು ಅವಳ ತವರಾದ ಹೊಸದುರ್ಗದಲ್ಲಿ ಬಹಳ ಹಿಂದೆಯೇ ತೀರ್ಮಾನವಾಗಿದೆ. ನಾನು ಮೇಲ್ಮನವಿ ಸಲ್ಲಿಸಿಲ್ಲ.

ವರದಿಗಾರನ ಚಾಳಿ ಹೋಗುವುದಿಲ್ಲ, ಆದ್ದರಿಂದ ಕಂಡದ್ದನ್ನು ಮೊದಲು ಕಂಡಂತೆ ಹೇಳಿಬಿಡುತ್ತೇನೆ. ಒಂದನೆಯ ಫೋಟೋದಲ್ಲಿ ಬಳ್ಳಿಯಲ್ಲೇ ಒಣಗಿ ತೂಗುತ್ತಿರುವ ಒಂದು ಹೀರೇಕಾಯಿ. ಅದರ ತೊಟ್ಟಿಗೆ ಬಟ್ಟೆಯ ಚೂರು ಕಟ್ಟಿದೆ. ಎರಡನೆಯದರಲ್ಲಿ ಅದೇ ಕಾಯಿ, ಬಟ್ಟೆ ಇಲ್ಲ. ಮೂರನೆಯದರಲ್ಲಿ ಅದೇ ಕಾಯಿ, ಬಟ್ಟೆ ಇಲ್ಲ, ಕೆಳತುದಿಯಲ್ಲೊಂದು ತೂತು ಇದೆ. ನಾಲ್ಕನೆಯದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಚಿತ್ರದುರ್ಗದ ಒಂದು ಚಿಕ್ಕ ದಿನಪತ್ರಿಕೆಗೆ ನಾನು ವರದಿಗಾರ. ಫೋಟೋ ತೆಗೆಯುವವನೂ ನಾನೇ. ಕಚೇರಿಯಲ್ಲಿ ಇದ್ದದ್ದು ಒಂದೇ ಕ್ಯಾಮೆರಾ. ಒಂದರ ಮೇಲೊಂದು ಎರಡು ಕಣ್ಣಿನದು; ಹೊಟ್ಟೆಯ ಹತ್ತಿರ ಹಿಡಿದುಕೊಂಡು, ತಲೆ ತಗ್ಗಿಸಿ, ಮೇಲಿನಿಂದ ಇಣುಕಿ ನೋಡಬೇಕು. ಎಡಗಡೆಯವರು ಬಲಗಡೆ ಕಾಣುತ್ತಾರೆ. ಮಂತ್ರಿಗಳ ಎದುರು ಅಷ್ಟು ವಿನಯದಿಂದ ತಲೆ ತಗ್ಗಿಸಿ ನಿಲ್ಲುವ ಪತ್ರಕರ್ತ ಜಿಲ್ಲೆಯಲ್ಲೇ ಇಲ್ಲವೆಂದು ಹೆಸರು ಬಂದದ್ದು ಆ ಕ್ಯಾಮೆರಾದ ದಯೆ.

ಅದರ ರೋಲಿನಲ್ಲಿ ಹನ್ನೆರಡು ಫೋಟೋ. ಸಮಾರಂಭವೊಂದಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಸಾಕು. ಆದರೆ ರೋಲು ಮುಗಿಯದೆ ತೊಳೆಯುವಂತಿಲ್ಲ, ತೊಳೆಯದೆ ಪ್ರಿಂಟ್ ಇಲ್ಲ. ಪ್ರಿಂಟನ್ನು ಸಂಜೆಯ ಬಸ್ಸಿಗೆ ಕೊಟ್ಟು ದಾವಣಗೆರೆಗೆ ಕಳಿಸಬೇಕು, ಅಲ್ಲಿ ಅದರಿಂದ ಅಚ್ಚಿಗೆ ಬೇಕಾದ ಲೋಹದ ಬ್ಲಾಕ್ ಆಗಿ ಬರಬೇಕು, ಆಮೇಲೆ ಪತ್ರಿಕೆಯಲ್ಲಿ ಮುಖ. ಹೀಗಾಗಿ ಬಸ್ಸು ಹೊರಡುವ ಮೊದಲು ಉಳಿದದ್ದನ್ನು ಎಲ್ಲಿಯಾದರೂ ಕ್ಲಿಕ್ಕಿಸಿ ಮುಗಿಸುವುದು ನಮ್ಮ ವೃತ್ತಿಯ ಪದ್ಧತಿ. ಕೆಲವರು ಹೆಂಡತಿ ಮಕ್ಕಳನ್ನು ತೆಗೆಯುತ್ತಿದ್ದರು. ನಾನಿನ್ನೂ ಬ್ರಹ್ಮಚಾರಿ. ನನಗಿದ್ದದ್ದು ಬಾಡಿಗೆ ಕೋಣೆಯ ಹಿಂದಿನ ಹಿತ್ತಲು.

ಆ ಹಿತ್ತಲು ನಮ್ಮ ಮನೆಯೊಡತಿ ಗಂಗಮ್ಮನದು. ಅದು ಹಸಿರಾಗಿದ್ದಾಗ ನಾನು ನೋಡಿದ ನೆನಪೇ ಇಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಒಣಗತೊಡಗಿದ ಮೇಲೆ. ಮೊದಲ ದಿನ ನಾಲ್ಕು ಫೋಟೋ ಉಳಿದಿದ್ದವು, ಬಸ್ಸಿಗೆ ಎರಡು ತಾಸಿತ್ತು. ಸುಮ್ಮನೆ ಕ್ಯಾಮೆರಾದೊಳಗೆ ಇಣುಕಿದೆ. ಒಣಗಿದ ಸೂರ್ಯಕಾಂತಿಯೊಂದು ಬೆನ್ನು ಬಗ್ಗಿಸಿ, ಕೇಸು ಸೋತ ವಕೀಲರಂತೆ ನಿಂತಿತ್ತು. ಬೆಂಡೆಕಾಯಿ ಐದು ಸೀಳಾಗಿ ಬಿರಿದು, ಪ್ರತಿ ಸೀಳಿನಲ್ಲೂ ಗುಂಡು ಬೀಜ ಸಾಲಾಗಿ ಕೂತಿದ್ದವು, ಪರೀಕ್ಷೆಗೆ ಕೂತ ಮಕ್ಕಳ ಹಾಗೆ. ಪಪ್ಪಾಯಿ ಎಲೆ ಕೊಳೆತು ನರಗಳಷ್ಟೇ ಉಳಿದಿತ್ತು. ಸಂಜೆಯ ಬೆಳಕು ಆ ನರಗಳ ನಡುವೆ ತೂರಿ ಬರುತ್ತಿತ್ತು. ಕೋಳಿಜುಟ್ಟಿನ ಹೂವು ಬಣ್ಣ ಕಳೆದುಕೊಂಡು ಹಳೆಯ ಮಖಮಲ್ಲಿನಂತಾಗಿತ್ತು. ವೇದಿಕೆಯ ಮೇಲಿನ ಗಣ್ಯರಿಗಿಂತ ಇವು ನನಗೆ ಬೇಕಾದ ಹಾಗೆ ನಿಂತವು. ಮೈಕು ಅಡ್ಡ ಬರಲಿಲ್ಲ, ಯಾರೂ ಹಾರ ಸರಿಮಾಡಿಕೊಳ್ಳಲಿಲ್ಲ.

ಆಮೇಲೆ ಅದು ಚಟವಾಯಿತು. ಸಮಾರಂಭದಲ್ಲಿ ನಾಲ್ಕು ತೆಗೆಯುವಲ್ಲಿ ಎರಡಕ್ಕೇ ನಿಲ್ಲಿಸಿ, ಉಳಿದದ್ದನ್ನು ಹಿತ್ತಲಿಗೆ ಕಾದಿಡತೊಡಗಿದೆ. ಹಿರಿಯೂರಿನಲ್ಲಿ ಒಮ್ಮೆ ಹೀಗೆ ಜಿಪುಣತನ ಮಾಡಿದಾಗ, ತೆಗೆದ ಎರಡರಲ್ಲೂ ಉದ್ಘಾಟಕರು ಕಣ್ಣು ಮುಚ್ಚಿಕೊಂಡಿದ್ದರು. ಸಂಪಾದಕರು ಎರಡು ಪ್ರಿಂಟನ್ನೂ ಮುಂದಿಟ್ಟುಕೊಂಡು, "ಇವರು ಉದ್ಘಾಟನೆ ಮಾಡಿದರೋ, ಧ್ಯಾನ ಮಾಡಿದರೋ?" ಎಂದು ಕೇಳಿದರು. ಅದೇ ರೋಲಿನಲ್ಲಿ ಒಣಗಿದ ಚೆಂಡುಹೂವು ಮಾತ್ರ ಸೂಜಿಯಷ್ಟು ಸ್ಪಷ್ಟವಾಗಿ ಬಂದಿತ್ತು. ಆ ವಿಷಯ ನಾನು ಹೇಳಲಿಲ್ಲ.

ಹೇಳದಿದ್ದರೂ ಗೊತ್ತಿದ್ದವನು ಒಬ್ಬನೇ: ರೋಲು ತೊಳೆಯುತ್ತಿದ್ದ ಸ್ಟುಡಿಯೋದ ಬಷೀರ್. ಒದ್ದೆ ನೆಗೆಟಿವನ್ನು ದಾರಕ್ಕೆ ಸಿಕ್ಕಿಸಿ, ಬೆಳಕಿಗೆ ಹಿಡಿದು ಓದುವನು: "ಡಿಸಿ ಸಾಹೇಬ್ರು, ಡಿಸಿ ಸಾಹೇಬ್ರು, ಬೆಂಡೇಕಾಯಿ, ಬೆಂಡೇಕಾಯಿ, ಬೆಂಡೇಕಾಯಿ. ಏನ್ ಸಾಬ್, ಸಾಹೇಬ್ರಿಗಿಂತ ಬೆಂಡೇಕಾಯಿ ಮುಖದಾಗೇ ಕಳೆ ಜಾಸ್ತಿ ಐತಲ್ಲ!"

ನೀವೂ ನಗುತ್ತಿದ್ದೀರೆಂದು ಗೊತ್ತು. ಆದರೆ ಒಣಗಿದ್ದರ ಬಗ್ಗೆ ನನಗೆ ಸಲಿಗೆ ಮೊದಲಿನಿಂದಲೂ ಇತ್ತು. ನಾನು ಬೆಳೆದದ್ದು ಹೊಳಲ್ಕೆರೆ ತಾಲೂಕಿನಲ್ಲಿ, ರಾಮಗಿರಿಯ ಗುಡ್ಡ ದೂರಕ್ಕೆ ಕಾಣುವ ಒಂದು ಹಳ್ಳಿಯಲ್ಲಿ. ರೈಲಿನ ಕೂಗು ಕೇಳುತ್ತಿತ್ತು, ರೈಲು ಕಾಣುತ್ತಿರಲಿಲ್ಲ. ಅರಳಿ ಎಲೆಗಳನ್ನು ಮಡಕೆಯ ನೀರಿನಲ್ಲಿ ಹಾಕಿ ವಾರಗಟ್ಟಲೆ ಕೊಳೆಸುವುದು ನಮ್ಮ ರಜೆಯ ಉದ್ಯೋಗ. ಹಸಿರೆಲ್ಲ ಕರಗಿ ಹೋದ ಮೇಲೆ ಉಳಿಯುವ ಜರಡಿಯಂಥ ಎಲೆಯನ್ನು ಪುಸ್ತಕದಲ್ಲಿಟ್ಟು ಒಣಗಿಸುತ್ತಿದ್ದೆವು. ಆ ಮಡಕೆಯ ನಾತಕ್ಕೆ ಅಕ್ಕಪಕ್ಕದ ಮನೆಯವರು ಬೈಯುತ್ತಿದ್ದರು. ಚೆಂದಕ್ಕೂ ನಾತಕ್ಕೂ ಏನೋ ನಂಟಿದೆ ಎಂದು ನಾನು ಕಲಿತದ್ದು ಅಲ್ಲಿ.

ಕಲಿತ ಇನ್ನೊಂದು ಪಾಠವೂ ಇದೆ, ಅದು ಮುಂದೆ ಬೇಕಾಗುತ್ತದೆ. ನಮ್ಮ ಶಾಲೆಯ ಮುಂದಿನ ಕೈತೋಟ ಒಮ್ಮೆ ಪೂರ್ತಿ ಒಣಗಿತ್ತು. ನಾಳೆ ಇನ್‌ಸ್ಪೆಕ್ಟರು ಬರುತ್ತಾರೆಂದು ಮೇಷ್ಟ್ರು ಒಣಗಿದ್ದನ್ನೆಲ್ಲ ಕೀಳಿಸಿದರು. ನಾವು ಮನೆಮನೆಯಿಂದ ಹೂವಿನ ರೆಂಬೆ ಕಡಿದು ತಂದು ಪಾತಿಯಲ್ಲಿ ಚುಚ್ಚಿದೆವು. ಬೇರಿಲ್ಲದ ತೋಟ ಸಂಜೆಯವರೆಗೆ ನಳನಳಿಸಿತು. ಇನ್‌ಸ್ಪೆಕ್ಟರು ಬಂದದ್ದು ಮೂರು ದಿನ ತಡವಾಗಿ. ಬಾಡಿ ಮಲಗಿದ್ದ ರೆಂಬೆಯೊಂದನ್ನು ಅವರು ಮೆಲ್ಲಗೆ ಎತ್ತಿದರು, ಅದು ಬುಡಸಮೇತ ಕೈಗೆ ಬಂತು. ಅವರು ಅದನ್ನು ಮತ್ತೆ ಅದೇ ತೂತಿನಲ್ಲಿ ಚುಚ್ಚಿ ಮುಂದೆ ಹೋದರು. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಗಂಗಮ್ಮನಿಗೆ ಆಗ ಐವತ್ತರ ಆಸುಪಾಸು. ತವರು ಹಿರಿಯೂರು ತಾಲೂಕಿನ ಜವನಗೊಂಡನಹಳ್ಳಿ. ಅಣ್ಣತಮ್ಮಂದಿರು ಕುರಿ ಕಾಯುವವರು. ಗಂಡ ಹೊಸದುರ್ಗದ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದರು, ದಿನ ಬಿಟ್ಟು ದಿನ ಮನೆಗೆ. ನಾನು ಹಿತ್ತಲಲ್ಲಿ ತಲೆ ತಗ್ಗಿಸಿ ನಿಂತದ್ದನ್ನು ಮೊದಲ ಸಲ ಕಂಡಾಗ ಆಕೆ ಬಕೆಟ್ಟು ಕೆಳಗಿಟ್ಟು ಕೇಳಿದ್ದರು:

"ಏನಪ್ಪ ಪೇಪರಪ್ಪ, ಏನು ಬಿದ್ದೋಯ್ತು?"

"ಏನೂ ಬಿದ್ದಿಲ್ಲ ಗಂಗಮ್ಮಾರೆ. ಫೋಟೋ ತೆಗೀತಿದೀನಿ."

"ಯಾರದ್ದು? ಇಲ್ಲಿ ಯಾರವ್ರೆ?"

"ಈ ಒಣಗಿದ ಗಿಡದ್ದು."

ಆಕೆ ಗಿಡವನ್ನು ನೋಡಿದರು, ನನ್ನನ್ನು ನೋಡಿದರು. "ಹೂ ಬಿಟ್ಟಾಗ ಕಣ್ಣು ಕಾಣಿಸ್ತಿರಲಿಲ್ವ ನಿನಗೆ?" ಎಂದರು. ಇನ್ನೊಂದು ದಿನ, ನಿಮ್ಮದೊಂದು ತೆಗೆಯಲೇ ಎಂದು ನಾನು ಕೇಳಿದ್ದಕ್ಕೆ, "ತಡಿಯಪ್ಪ, ನಾನಿನ್ನೂ ಅಷ್ಟು ಒಣಗಿಲ್ಲ" ಎಂದು ಸೆರಗು ಕೊಡವಿ ಒಳಗೆ ಹೋದರು.

ಹಿತ್ತಲಿನ ಮೂಲೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಾಗಿದ ಚಪ್ಪರದಲ್ಲಿ, ಆ ಹೀರೇಕಾಯಿ ಇತ್ತು. ದೀಪಾವಳಿ ಕಳೆದು ಎಲೆಯೆಲ್ಲ ಉದುರಿದ ಮೇಲೆ ಅದೊಂದೇ ಉಳಿದು, ಒಣಗಿ, ಬೂದು ಬಣ್ಣಕ್ಕೆ ತಿರುಗಿ ತೂಗುತ್ತಿತ್ತು. ಅದರ ಏಣುಗಳ ಮೇಲೆ ಪಕ್ಕದಿಂದ ಬಿಸಿಲು ಬಿದ್ದರೆ ಒಂದೊಂದು ಏಣಿಗೂ ಒಂದೊಂದು ನೆರಳು. ಕೋಟೆಯ ಬಂಡೆಗಳ ಕಡೆಯಿಂದ ಗಾಳಿ ಬೀಸಿದಾಗ ಅದು ಗಿಲಕಿಯ ಹಾಗೆ ಗಲಗಲ ಎನ್ನುತ್ತಿತ್ತು. ಗಾಳಿ ನಿಲ್ಲುವ ತನಕ ಕಾದು ಒಂದನೆಯ ಫೋಟೋ ತೆಗೆದೆ. ಪ್ರಿಂಟ್ ಬಂದಾಗ ನೋಡಿದರೆ ತೊಟ್ಟಿಗೆ ಕಟ್ಟಿದ್ದ ಕೆಂಪು ಸೀರೆಯ ಚೂರು ಕಪ್ಪಗೆ, ಗಾಯಕ್ಕೆ ಸುತ್ತಿದ ಪಟ್ಟಿಯಂತೆ ಬಂದಿತ್ತು. ಅಂದವೇ ಕೆಟ್ಟಿತೆನಿಸಿತು.

ಮುಂದಿನ ವಾರ ಎರಡನೆಯ ಫೋಟೋಕ್ಕೆ ಹೋದಾಗ ಆ ಬಟ್ಟೆಯನ್ನು ಬಿಚ್ಚಿದೆ. ಯಾಕೆ ಕಟ್ಟಿದ್ದಾರೆಂದು ಕೇಳಲಿಲ್ಲ. ಯಾರನ್ನು ಕಂಡರೂ ಐದು ಪ್ರಶ್ನೆ ಕೇಳುವುದೇ ಹೊಟ್ಟೆಪಾಡಾಗಿದ್ದವನು, ಆ ಬಟ್ಟೆಯ ವಿಷಯದಲ್ಲಿ ಒಂದೂ ಕೇಳಲಿಲ್ಲ. ಫೋಟೋ ಚೆನ್ನಾಗಿ ಬಂತು. ಬಟ್ಟೆಯನ್ನು ಕ್ಯಾಮೆರಾದ ಚೀಲಕ್ಕೆ ಹಾಕಿಕೊಂಡಿದ್ದೆ. ಮೆತ್ತಗಿತ್ತು, ಲೆನ್ಸ್ ಒರೆಸಲು ಅನುಕೂಲವಾಯಿತು.

ಅದಾದ ಎರಡೇ ದಿನಕ್ಕೆ, ಸಂಕ್ರಾಂತಿ ಕಳೆದ ಮೇಲೆ, ಗಂಗಮ್ಮ ತಮ್ಮನ ಮಗಳ ಮದುವೆಗೆಂದು ತವರಿಗೆ ಹೊರಟರು. ಗಂಡ ರಜೆ ಹಾಕಿ ಮೊದಲೇ ಅಲ್ಲಿಗೆ ಹೋಗಿದ್ದರು. ಹಿರಿಯೂರಿನ ಬಸ್ಸಿಗೆ ಅವರ ಗಂಟು ಹೊತ್ತು ಹೋದವನು ನಾನೇ. ಹತ್ತಿ ಕೂತು ಕಿಟಕಿಯಿಂದ ಹೇಳಿದರು: "ಐದು ದಿನ ಅಷ್ಟೆ. ಹಿತ್ಲು ನೋಡ್ಕಳಪ್ಪ."

"ನೋಡ್ಕೋತೀನಿ" ಎಂದೆ. ನೋಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಅದೇ ಸಂಜೆ ಸಹಕಾರಿ ಸಂಘವೊಂದರ ಸಭೆ ಮುಗಿಸಿ ಬಂದು, ಉಳಿದಿದ್ದ ಒಂದೇ ಫೋಟೋವನ್ನು ಅದೇ ಕಾಯಿಗೆ ಖರ್ಚು ಮಾಡಿದೆ. ಈ ಸಲ ನೆಲಕ್ಕೆ ಕೂತು, ಕೆಳಗಿನಿಂದ ಮೇಲಕ್ಕೆ, ಕಲ್ಲೂ ಗೋಡೆಯೂ ಸೇರುವ ಹಾಗೆ. ಅದೇ ಮೂರನೆಯದು.

ಮರುದಿನ ಊರಿನಿಂದ ಕಾಗದ ಬಂತು. ಹೊಸದುರ್ಗದ ಸಿದ್ದಪ್ಪನವರು ಎಂಬುವರು ತಮ್ಮ ಮಗಳನ್ನು ಕೊಡುವ ಯೋಚನೆಯಲ್ಲಿದ್ದಾರೆ, ಹುಡುಗನೂ ಅವನಿರುವ ಮನೆಯೂ ಹೇಗಿದೆಯೆಂದು ನೋಡಲು ನಾಳಿದ್ದು ಬರುತ್ತಾರೆ ಎಂದಿತ್ತು. ನಾನು ಕೋಣೆಯನ್ನು ನೋಡಿದೆ, ಪರವಾಗಿಲ್ಲ ಎನಿಸಿತು. ಹಿತ್ತಲಿನ ಬಾಗಿಲು ತೆಗೆದೆ. ಅಷ್ಟು ತಿಂಗಳಿಂದ ನನ್ನ ಕಣ್ಣಿಗೆ ಚಿತ್ರಶಾಲೆಯಾಗಿದ್ದ ಜಾಗ ಆ ಕ್ಷಣದಲ್ಲಿ ಹೆಣ್ಣು ಕೊಡುವ ಮಾವನ ಕಣ್ಣಿಗೆ ಹೇಗೆ ಕಾಣುವುದೋ ಹಾಗೆ ಕಂಡಿತು. ಕಸ.

ಶಾಲೆಯ ಮೇಷ್ಟ್ರು ನನ್ನ ಮೈಯಲ್ಲಿ ಎದ್ದು ನಿಂತರು. ಸೂರ್ಯಕಾಂತಿ, ಬೆಂಡೆ, ಕೋಳಿಜುಟ್ಟು, ಹೀರೆಬಳ್ಳಿ ಎಲ್ಲವನ್ನೂ ಕಿತ್ತೆ. ನೆಲ ಗುಡಿಸಿದೆ, ಗುಡಿಸಿದ್ದನ್ನೂ ರಾಶಿಗೆ ಸೇರಿಸಿದೆ. ಬಚ್ಚಲ ಒಲೆಯಲ್ಲಿ ಎರಡು ಬೆಳಗ್ಗೆ ಅದೇ ಸೌದೆ. ಆ ಹೀರೇಕಾಯಿ ಎರಡು ನಿಮಿಷವೂ ಉರಿಯಲಿಲ್ಲ. ಅದು ಕಾಸಿದ ನೀರಿನಲ್ಲಿ ಮಿಂದು, ಇಸ್ತ್ರಿ ಅಂಗಿ ಹಾಕಿಕೊಂಡು ಭಾವೀ ಮಾವನವರನ್ನು ಸ್ವಾಗತಿಸಿದೆ.

ಸಿದ್ದಪ್ಪನವರು ಎತ್ತರದ ಆಳು, ಮಾತು ಕಡಿಮೆ. ಕಾಲು ತೊಳೆಯಲು ಹಿತ್ತಲಿಗೆ ಹೋದವರು ಅಲ್ಲೇ ನಿಂತರು.

"ಬಾಳ ಕ್ಲೀನಾಗಿ ಇಟ್ಟೀರಿ" ಎಂದರು. ನಾನು ಉಬ್ಬಿದೆ.

"ಏನೂ ಬೆಳೆಯೋದಿಲ್ವೇನ್ರಿ ಇಲ್ಲಿ?"

"ಬೆಳೀತಿತ್ತು. ಎಲ್ಲ ಒಣಗಿತ್ತು, ಮೊನ್ನೆ ತೆಗೆಸಿ... ತೆಗೆದೆ."

"ಬೀಜಕ್ಕೆ ಏನು ಬಿಟ್ಟಿದ್ರಿ?"

ಅಂಥದೊಂದು ಪ್ರಶ್ನೆ ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಅವರು ಖಾಲಿ ಚಪ್ಪರವನ್ನು ನೋಡಿದರು, ಬಚ್ಚಲ ಒಲೆಯ ಬೂದಿ ನೋಡಿದರು, ಕಾಫಿ ಕುಡಿದರು, "ತಿಳಿಸ್ತೀವಿ" ಎಂದು ಹೊರಟರು.

ಎರಡು ದಿನದ ನಂತರ ಗಂಗಮ್ಮ ಬಂದರು. ನಾನು ಕೋಣೆಯಲ್ಲಿ ಸುದ್ದಿ ಬರೆಯುತ್ತಿದ್ದೆ. ಹಿತ್ತಲಿನ ಬಾಗಿಲು ತೆರೆದ ಸದ್ದು ಕೇಳಿತು. ಹೋಗಿ ನೋಡಿದರೆ ಆಕೆ ಚಪ್ಪರದ ಗಳ ಹಿಡಿದುಕೊಂಡು ನಿಂತಿದ್ದರು.

"ಕಾಯಿ ಎಲ್ಲಪ್ಪ?"

ಹೇಳಿದೆ. ಒಲೆ ಎಂಬ ಮಾತು ಬಂದಾಗ ಆಕೆ ಗಳ ಬಿಟ್ಟು ಒಗೆಯುವ ಕಲ್ಲಿನ ಮೇಲೆ ಕೂತರು.

"ನಮ್ಮವ್ವ ಹಾಕ್ತಿದ್ದ ಬೀಜ ಅದು" ಎಂದರು, ನನಗಲ್ಲ, ನೆಲಕ್ಕೆ. "ಅಕ್ಕ ಇರೋವರೆಗೂ ಊರಾಗೆ ಇಟ್ಕಂಡಿದ್ಲು. ಅಕ್ಕ ಹೋದ್ಲು. ಈಗ ಹೋದಾಗ ಕೇಳ್ದೆ, ಯಾರ ಮನ್ಯಾಗೂ ಇಲ್ಲ. ನನ್ನತ್ರ ಐತೆ, ಬರೋ ಮಳೆಗೆ ಎಲ್ಲರಿಗೂ ಕೊಡ್ತೀನಿ ಅಂತ ಮದ್ವೆ ಮನ್ಯಾಗೆ ಹೇಳಿ ಬಂದೀನಿ."

ಬಳ್ಳಿ ಬುಡದವರೆಗೆ ಒಣಗುವ ತನಕ ಬೀಜದ ಕಾಯಿಯನ್ನು ಮುಟ್ಟಬಾರದೆಂಬುದು ಅವರ ಮನೆಯ ಪದ್ಧತಿ. ಅದಕ್ಕೇ ಕೀಳದೆ ಬಿಟ್ಟು ಹೋಗಿದ್ದರು. ಯಾರೂ ಕೀಳದಿರಲೆಂದೇ ಬಟ್ಟೆ. ನನಗೆ ಕಸವಾಗಿ ಕಂಡದ್ದೆಲ್ಲ, ಸೂರ್ಯಕಾಂತಿಯಿಂದ ಬೆಂಡೆಯವರೆಗೆ, ಬೀಜಕ್ಕೆ ಬಿಟ್ಟದ್ದು. ಉಳಿದ ಬೀಜ ಸಂತೆಯಲ್ಲಿ ಸಿಗುತ್ತಿದ್ದವು, ಇದು ಸಿಗುತ್ತಿರಲಿಲ್ಲ.

ಆಕೆ ಬೈಯಲಿಲ್ಲ. 'ಪೇಪರಪ್ಪ' ಎಂದು ಕರೆಯುವುದನ್ನು ಬಿಟ್ಟರು, ಅಷ್ಟೆ. ನನಗೆ ಹೇಳಬೇಕಾದ್ದನ್ನು ಗೋಡೆಯ ಮೇಲಿನ ಕಾಗೆಗೆ ಹೇಳತೊಡಗಿದರು: "ಬಾಡಿಗೆಯೋರು ನೀರು ಹಿಡ್ಕಂಬೇಕಂತೆ. ನಲ್ಲಿ ನಿಂತೋಗ್ತೈತಂತೆ." ಕಾಗೆ ಹಾರಿಹೋದರೆ ನೀರಿನ ಸುದ್ದಿಯೂ ಇಲ್ಲ.

ಹೀಗೆ ಐದಾರು ದಿನ ಹೋದ ಮೇಲೆ, ಒಂದು ಬೆಳಗ್ಗೆ ಬಚ್ಚಲ ಒಲೆಯ ಮುಂದೆ ಕೂತಿದ್ದಾಗ ಒಂದು ಮಾತು ಹೊಳೆಯಿತು. ಆ ಕಾಯಿ ಉರಿಯುವಾಗ ಸದ್ದೇ ಬಂದಿರಲಿಲ್ಲ. ಬೀಜವಿದ್ದರೆ ಚಟಪಟ ಎನ್ನಬೇಕಿತ್ತು. ಮೂರನೆಯ ಫೋಟೋ ತೆಗೆದ ಸಂಜೆ ಗಾಳಿಗೆ ಅದು ಓಲಾಡಿತ್ತು ನಿಜ, ಗಲಗಲ ಎಂದಿರಲಿಲ್ಲ. ಆದರೆ ಇದು ನೆನಪು, ನೆನಪನ್ನು ನಂಬಿ ಸುದ್ದಿ ಬರೆಯಬಾರದೆಂದು ಸಂಪಾದಕರು ಮೊದಲ ದಿನವೇ ಹೇಳಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಫೋಟೋದ ದಿನ, ಜಾಗ, ನಂಬರು ಇತ್ತು. ಸ್ಟುಡಿಯೋಗೆ ಓಡಿದೆ.

ಬಷೀರ್ ಮೂರೂ ನೆಗೆಟಿವ್ ಹುಡುಕಿ ದೊಡ್ಡದು ಮಾಡಿ ಪ್ರಿಂಟ್ ಹಾಕಿದ. ಎರಡನೆಯದರಲ್ಲಿ ಕಾಯಿಯ ಕೆಳತುದಿ ಮುಚ್ಚಿತ್ತು. ಮೂರನೆಯದರಲ್ಲಿ ಅಲ್ಲಿದ್ದ ಸಣ್ಣ ಮುಚ್ಚಳ ಕಳಚಿ ಬಿದ್ದು ತೂತಾಗಿತ್ತು. ಕಾಯಿಯ ನೇರ ಕೆಳಗೆ, ಒಗೆಯುವ ಕಲ್ಲಿಗೂ ಗೋಡೆಗೂ ನಡುವೆ ಮೂರು ಬೆರಳಗಲದ ಸಂದು, ಅದರ ತುಂಬ ಕೊಳೆತ ಎಲೆ. ಸಂದಿನ ಅಂಚಿನಲ್ಲಿ ಎರಡು ಚುಕ್ಕೆ.

"ಧೂಳು ಇರಬೇಕು" ಎಂದೆ.

"ಅರೆ ಸಾಬ್, ಇಷ್ಟು ವರ್ಷ ಆಯ್ತು, ಇದೂ ಗೊತ್ತಿಲ್ವ? ನೆಗೆಟಿವ್ ಮ್ಯಾಲೆ ಧೂಳು ಕುಂತ್ರೆ ಪ್ರಿಂಟಿನಾಗೆ ಬೆಳ್ಳಗೆ ಬೀಳ್ತದೆ. ದಿನಾ ಬ್ರಷ್ ತಗಂಡು ಅದನ್ನೇ ಮುಚ್ತಾ ಕುಂತಿರ್ತೀನಿ. ಇದು ಕರಿ. ಕರಿ ಅಂದ್ರೆ ಅಲ್ಲಿ ಏನೋ ಐತೆ."

ನಾನು ಗುಡಿಸಿದ್ದು ನೆಲವನ್ನು. ಆ ಸಂದಿಗೆ ಪೊರಕೆ ಹೋಗುತ್ತಿರಲಿಲ್ಲ.

ಖುಷಿಗೆ ಎದ್ದವನು ಹಾಗೇ ಕೂತೆ. ಬೀಜ ಬಿದ್ದದ್ದು ನಾನು ಬಳ್ಳಿ ಕೀಳುವ ಮೊದಲೇ ಎಂದು ತೋರಿಸಲು ಮೂರು ಫೋಟೋಗಳನ್ನೂ ಸಾಲಾಗಿ ಇಡಬೇಕು. ಸಾಲಾಗಿ ಇಟ್ಟರೆ ಒಂದನೆಯದರಲ್ಲಿರುವ ಬಟ್ಟೆ ಎರಡನೆಯದರಲ್ಲಿ ಇಲ್ಲದ್ದು ಯಾರಿಗಾದರೂ ಕಾಣುತ್ತದೆ. ಬಟ್ಟೆಯ ವಿಷಯ ಗಂಗಮ್ಮನಿಗೆ ಇನ್ನೂ ಗೊತ್ತಿರಲಿಲ್ಲ. ಅದೂ ಬಳ್ಳಿಯ ಜೊತೆ ಉರಿದುಹೋಯಿತೆಂದು ಅಂದುಕೊಂಡಿದ್ದರು.

"ಬಷೀರ್, ಈ ಮೂರರ ಮೇಲ್ಭಾಗ ಕತ್ತರಿಸಿ, ಬರೀ ಕೆಳಗಿನ ತುದಿ ಬರೋ ಹಾಗೆ ಮಾಡೋಕಾಗುತ್ತಾ?"

"ಆಗ್ತದೆ. ಯಾಕಾಗಲ್ಲ? ಮಂತ್ರಿ ಪಕ್ಕದಾಗೆ ನಿಂತೋರನ್ನೇ ಕತ್ತರಿಸ್ತೀವಿ" ಎಂದು ಕತ್ತರಿ ಕೈಗೆ ತೆಗೆದುಕೊಂಡ. ಆಮೇಲೆ ಒಂದನೆಯದನ್ನೂ ಎರಡನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮೆಲ್ಲಗೆ ನಕ್ಕ. "ಓಹೋ. ಪೇಪರಿನೋರದ್ದೂ ಬಚ್ಚಿಡೋದು ಇರ್ತದಾ?"

ಶಾಲೆಯ ಪಾತಿಯಲ್ಲಿ ಬೇರಿಲ್ಲದ ರೆಂಬೆಯನ್ನು ಹಿಡಿದು ನಿಂತ ಇನ್‌ಸ್ಪೆಕ್ಟರು ನೆನಪಾದರು. ಕತ್ತರಿ ಇಡು ಎಂದೆ.

ಗಂಗಮ್ಮ ಒಗೆಯುವ ಕಲ್ಲಿನ ಹತ್ತಿರವೇ ಇದ್ದರು. ಕಾಗೆಯನ್ನು ನಡುವೆ ತರದೆ ನೇರ ಹೋಗಿ ಮೂರನ್ನೂ ಕಲ್ಲಿನ ಮೇಲೆ ಸಾಲಾಗಿ ಇಟ್ಟೆ. ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು ಬಗ್ಗಿದರು. ತೂತಿನ ಮೇಲೆ ಬೆರಳಿಟ್ಟರು. ಚುಕ್ಕೆಗಳ ಮೇಲೆ ಇಟ್ಟರು. ಬೆರಳು ಹಿಂದಕ್ಕೆ ಹೋಗಿ ಎರಡನೆಯ ಫೋಟೋದ ತೊಟ್ಟಿನ ಮೇಲೆ ನಿಂತಿತು.

"ಬಟ್ಟೆ ಎಲ್ಲಿ?"

ಕ್ಯಾಮೆರಾದ ಚೀಲದಿಂದ ತೆಗೆದು ಕೊಟ್ಟೆ. ಕೆಂಪು ಮಾಸಿ ಹೋಗಿತ್ತು, ಮಡಿಕೆಯಲ್ಲಿ ಲೆನ್ಸಿನ ಧೂಳಿತ್ತು.

"ಯಾಕೆ ಬಿಚ್ಚಿದೆ?"

"ಫೋಟೋದಲ್ಲಿ ಚೆನ್ನಾಗಿ ಕಾಣ್ತಿರಲಿಲ್ಲ."

ಆಕೆ ನನ್ನ ಮುಖವನ್ನೇ ನೋಡಿದರು. ನಾನು ತಗ್ಗಿಸಿದ ತಲೆಗೆ ಆಗ ಕ್ಯಾಮೆರಾದ ನೆವವಿರಲಿಲ್ಲ. "ಚೆಂದಕ್ಕೆ ಬಿಚ್ಚಿದಂತೆ!" ಎಂದರು, ಈ ಸಲ ಕಾಗೆಗೆ. ಆಮೇಲೆ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಿಂತ್ಕಂಡು ಏನ್ ನೋಡ್ತೀಯ? ಪೊರಕೆ ಕಡ್ಡಿ ತಗಂಡ್ಬಾ" ಎಂದರು.

ಆಕೆ ನೆಲಕ್ಕೆ ಮಲಗಿದಂತೆ ಬಗ್ಗಿ, ಕಡ್ಡಿಯಿಂದ ಸಂದಿನ ಎಲೆಯನ್ನು ಒಂದೊಂದು ಪದರವಾಗಿ ಎಳೆದರು. ಕಪ್ಪಗೆ ಕೊಳೆತ ಎಲೆ, ಸೋಪಿನ ಚೂರು, ಒಂದು ಗುಂಡಿ. ಆಮೇಲೆ ಒಂದು ಕರಿ ಬೀಜ. ಇನ್ನೂ ಎಳೆದರು. ಒಟ್ಟು ಒಂಬತ್ತು ಸಿಕ್ಕವು. ಆಕೆ ಅವನ್ನು ತಂಬಿಗೆಯ ನೀರಿಗೆ ಹಾಕಿದರು. ತೇಲುವುದು ಜೊಳ್ಳು, ಮುಳುಗುವುದು ಗಟ್ಟಿ. ನಾವಿಬ್ಬರೂ ತಂಬಿಗೆಯೊಳಗೆ ಇಣುಕಿದೆವು. ಆರು ತೇಲಿದವು. ಮೂರು ಮುಳುಗಿದವು. ಮುಳುಗಿದ್ದಕ್ಕೆ ಅಷ್ಟು ಖುಷಿಪಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

"ಹುಟ್ತಾವಾ ಗಂಗಮ್ಮಾರೆ?"

"ಮಳೆ ಬರ್ಲಿ, ಹೇಳ್ತೀನಿ" ಎಂದು ಬೀಜಗಳನ್ನು ಒರೆಸಿ, ಬೂದಿಯಲ್ಲಿ ಹೊರಳಿಸಿ, ಅದೇ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿದರು. ಅದು ಯಾವ ಒಲೆಯ ಬೂದಿಯೆಂದು ನಾನು ಕೇಳಲಿಲ್ಲ.

ಮೂರು ಬೀಜ ನೆಚ್ಚಿಕೊಂಡು ನಾಲ್ಕು ತಿಂಗಳು ಕಾದೆವು. ಹೊಸದುರ್ಗದಿಂದ ಸುದ್ದಿಯೇ ಇರಲಿಲ್ಲ. ಮಳೆ ಬಂದ ಮೇಲೆ ಗಂಗಮ್ಮ ಕಲ್ಲಿನ ಪಕ್ಕದಲ್ಲೇ ಮೂರು ಗುಣಿ ಮಾಡಿದರು. ಒಂದು ಹುಟ್ಟಲಿಲ್ಲ. ಒಂದು ಹುಟ್ಟಿತು, ಎರಡೆಲೆ ಬಿಟ್ಟಾಗ ಬಸವನಹುಳು ತಿಂದಿತು. ಮೂರನೆಯದು ನೆಲ ಸೀಳಿ, ಬೀಜದ ಸಿಪ್ಪೆಯನ್ನೇ ಟೋಪಿಯ ಹಾಗೆ ಹೊತ್ತುಕೊಂಡು ಎದ್ದ ಬೆಳಗ್ಗೆ ನಾನು ಕ್ಯಾಮೆರಾ ತಂದೆ.

"ಇದರದ್ದು ಯಾಕಪ್ಪ?" ಎಂದರು ಗಂಗಮ್ಮ. "ಇದಿನ್ನೂ ಹಸಿರೈತೆ. ನಿನಗೆ ರುಚಿಸಾದಿಲ್ಲ."

ನನ್ನ ಸಂಬಂಧ ಕುದುರಿಸಿದ್ದೂ ಆಕೆಯೇ. ಗಂಡನ ಬಸ್ಸಿನಲ್ಲಿ ಹೊಸದುರ್ಗಕ್ಕೆ ಹೋಗಿ, ಸಿದ್ದಪ್ಪನವರ ಜಗಲಿಯಲ್ಲಿ ಕೂತು, ಬಟ್ಟೆ ಬಿಚ್ಚಿದ್ದರಿಂದ ತಂಬಿಗೆಯವರೆಗೆ ಎಲ್ಲವನ್ನೂ ಹೇಳಿ ಬಂದರಂತೆ. ಬಾಗಿಲ ಹಿಂದೆ ನಿಂತು ಕೇಳಿದ ಸುಶೀಲ ಆ ವರದಿಯನ್ನು ಇವತ್ತಿಗೂ ಒಂದಕ್ಷರ ಬಿಡದೆ ಒಪ್ಪಿಸುತ್ತಾಳೆ: "ಹುಡುಗನಿಗೆ ಬುದ್ಧಿ ಸ್ವಲ್ಪ ಕಮ್ಮಿ ಕಣ್ರಿ. ಆದ್ರೆ ಮಾಡಿದ್ದನ್ನ ತಂದು ಕಲ್ಲಿನ ಮ್ಯಾಲೆ ಇಡ್ತಾನೆ." ಸಿದ್ದಪ್ಪನವರು ಅರ್ಧ ಗಂಟೆ ನಕ್ಕರಂತೆ. ಮದುವೆಯ ದಿನ ನನ್ನನ್ನು 'ಬೀಜ ಸುಟ್ಟ ಅಳಿಯ' ಎಂದು ಪರಿಚಯಿಸಿದರು. ಆ ಹೆಸರು ಆ ಕಡೆ ಇನ್ನೂ ಚಾಲ್ತಿಯಲ್ಲಿದೆ.

ಇನ್ನು ನಾಲ್ಕನೆಯ ಫೋಟೋ. ಆ ವರ್ಷ ಒಂದೇ ಬಳ್ಳಿಯಲ್ಲಿ ಬಿಟ್ಟ ಕಾಯಿಗಳಲ್ಲಿ ಒಂದನ್ನೂ ಗಂಗಮ್ಮ ಸಾರಿಗೆ ಕೊಯ್ಯಲಿಲ್ಲ, ಎಲ್ಲವೂ ಬೀಜಕ್ಕೆ. ಮೊದಲ ಕಾಯಿ ಬಲಿತ ದಿನ ನನ್ನನ್ನು ಕರೆದು ಆ ಕೆಂಪು ಬಟ್ಟೆ ಕೈಗಿಟ್ಟರು. "ನೀನೇ ಬಿಚ್ಚಿದ್ದು, ನೀನೇ ಕಟ್ಟು, ಪೇಪರಪ್ಪ." ತಿಂಗಳುಗಟ್ಟಲೆಯಾಗಿತ್ತು ಆ ಹೆಸರು ಕೇಳಿ. ಕಟ್ಟಿದೆ. ಸಡಿಲವಾಯಿತೆಂದು ಆಕೆ ಇನ್ನೊಂದು ಗಂಟು ಹಾಕತೊಡಗಿದರು. ರೋಲಿನಲ್ಲಿ ಒಂದೇ ಒಂದು ಉಳಿದಿತ್ತು, ಬಸ್ಸಿನ ಹೊತ್ತಾಗಿತ್ತು. ತೆಗೆದೆ.

ಕಸುಬಿನ ಕಣ್ಣಿಗೆ ಅದು ಕೆಟ್ಟ ಫೋಟೋ. ಗಾಳಿಗೆ ಕಾಯಿ ಅಲ್ಲಾಡಿದೆ. ಬಟ್ಟೆ ನಟ್ಟನಡುವೆ ಬಂದು ಅರ್ಧ ಕಾಯಿಯನ್ನು ಮುಚ್ಚಿದೆ. ಮೇಲಿನ ಮೂಲೆಯಲ್ಲಿ ಗಂಗಮ್ಮನ ಎರಡು ಬೆರಳು. ಸುಕ್ಕುಗಟ್ಟಿದ, ಕಾಯಿಯ ಏಣಿನಂತೆಯೇ ಗೆರೆ ಬಿದ್ದ ಬೆರಳು. ಆಕೆಯ ಫೋಟೋ ಅಂತ ನನ್ನ ಹತ್ತಿರ ಇರುವುದು ಅಷ್ಟೇ.

ಅವತ್ತು ಬಷೀರ್ ಪ್ರಿಂಟನ್ನು ಅತ್ತಿತ್ತ ತಿರುಗಿಸಿ ನೋಡಿ, ಕತ್ತರಿ ಕೈಗೆತ್ತಿಕೊಂಡು ಕೇಳಿದ್ದ: "ಮೂಲೆಯಾಗೆ ಯಾರದೋ ಬೆರಳು ಬಂದೈತೆ ಸಾಬ್. ಬಟ್ಟೆನೂ ಅಡ್ಡ ಐತೆ. ಕತ್ತರಿಸಿಬಿಡಲಾ?"

"ಬೇಡ" ಎಂದೆ. "ಹಂಗೇ ಇರಲಿ."

ಸುಶೀಲಳಿಗೂ ಈಗ ಅದನ್ನೇ ಹೇಳಿ ಲಕೋಟೆ ಇಸಿದುಕೊಂಡೆ. ಅವಳು ಹಿತ್ತಲಿನ ಕಡೆ ಹೊರಟವಳು ಬಾಗಿಲಲ್ಲಿ ನಿಂತು ತಿರುಗಿ, "ಕ್ಯಾಮೆರಾ ತಗಂಡು ಬರೋದಾದ್ರೆ ಬರ್ರಿ. ಈ ವರ್ಷದ ಕಾಯಿ ಒಣಗೈತೆ" ಎಂದಳು. "ಬಟ್ಟೆ ಮುಟ್ಟಂಗಿಲ್ಲ."